ಬೆಳ್ಳಿಯ ಮರಿಗೆ ನರಹುಲಿ

ಆಗಸ್ಟ್ 31, ಭಾನುವಾರ. ಬೆಳಗ್ಗೆ 9

ಹಾಲು ಕಮ್ಮಿ ಇವತ್ತು. ಮಳೆ ಹಿಡಿದರೆ ಹೀಗೇ. ಚಂದ್ರಯ್ಯನ ಹಾಲಿಗೆ ಫ್ಯಾಟ್ ಬರಲಿಲ್ಲ, ಮೆಷಿನ್ ಕೆಟ್ಟಿದೆ ಅಂತ ಜಗಳ. ಮೆಷಿನ್ ಅವನೊಬ್ಬನಿಗೇ ಕೆಡುತ್ತದೆ, ದಿನಾ. ಟೆಂಪೊಗೆ ಕ್ಯಾನ್ ಹತ್ತಿಸಿ, ಡೇರಿ ಬಾಗಿಲು ಹಾಕಿ ಮನೆಗೆ ಬಂದರೆ ಜಗಲಿ ತುಂಬಾ ಜನ. ಭಾನುವಾರ ಅನ್ನುವುದೇ ಮರೆತಿತ್ತು.

ನರಹುಲಿಯವರು. ಅರಕಲಗೂಡಿನಿಂದ ಗಂಡ ಹೆಂಡತಿ, ಬೂವನಹಳ್ಳಿಯಿಂದ ಒಬ್ಬ ಆಟೋದವನು, ಇನ್ನೊಬ್ಬ ಅಜ್ಜಿ ಎಲ್ಲಿಯದೋ. ಎಲ್ಲರಿಗೂ ಬೇಕಾದ್ದು ನಮ್ಮ ಕುದುರೆ ಬೆಳ್ಳಿಯ ಬಾಲದ ಕೂದಲು. ನರಹುಲಿಯ ಬುಡಕ್ಕೆ ಸುತ್ತಿ ಗಂಟು ಹಾಕಿದರೆ ಉದುರುತ್ತದಂತೆ. ಮಾವ ಹೊಳೆನರಸೀಪುರದಲ್ಲಿ ಜಟಕಾ ಓಡಿಸುತ್ತಿದ್ದ ಕಾಲದಿಂದ ನಡೆದು ಬಂದದ್ದು. ಆಟೋ ಬಂತು, ಜಟಕಾ ಹೋಯಿತು. ಕುದುರೆ ಸಾಕುವ ಹುಚ್ಚು ಮಾತ್ರ ಉಳಿಯಿತು. ಬೆಳ್ಳಿ ಮೂರನೆಯವಳೋ ನಾಲ್ಕನೆಯವಳೋ.

ಇದಕ್ಕೊಂದು ಶಾಸ್ತ್ರ ಇದೆ. ದುಡ್ಡು ಕೊಡಕೂಡದು. ಥ್ಯಾಂಕ್ಸ್ ಅನ್ನಕೂಡದು. ಬರ್ತೀನಿ ಅಂತ ಹೇಳಿಯೂ ಹೋಗಕೂಡದು, ಹೇಳಿದರೆ ನರಹುಲಿಯೂ ವಾಪಸ್ ಬರುತ್ತದಂತೆ. ಉದುರಿದ ಮೇಲೆ ಬೆಳ್ಳಿಗೆ ಒಂದಿಷ್ಟು ಹುರುಳಿ ತಂದು ಸುರಿದು ಹೋಗಬೇಕು. ತರುತ್ತಾರೆ ಜನ. ಎಷ್ಟು ಅಂದರೆ, ಈ ಮನೆಗೆ ಬಂದ ಮೇಲೆ ನಾನು ಅಂಗಡಿಯಲ್ಲಿ ಹುರುಳಿ ಕೊಂಡದ್ದಿಲ್ಲ. ಬೆಳ್ಳಿಯ ಪುಣ್ಯದಲ್ಲಿ ನಮ್ಮ ಮನೆಯ ಸಾರು.

ಮಾವ ಸುಮ್ಮನೆ ಕೂದಲು ಕಿತ್ತು ಕೊಟ್ಟು ಕಳಿಸುವವರಲ್ಲ. ಕನ್ನಡಕ ಹಾಕಿಕೊಂಡು, ಬಂದವರ ಕೈ ಹಿಡಿದು, ಒಂದೊಂದನ್ನೇ ಒತ್ತಿ ನೋಡಿ, ಯಾವೂರು, ಯಾರ ಪೈಕಿ, ಬೆಳೆ ಏನು... ಒಂದು ಕೂದಲಿಗೆ ಅರ್ಧ ಗಂಟೆ. ಅಷ್ಟು ಹೊತ್ತಿಗೆ ಕಾಫಿ. ಕಾಫಿ ಮಾಡುವವಳು ನಾನು.

ನನಗೆ ಇದರಲ್ಲಿ ನಂಬಿಕೆ ಇಲ್ಲ. ಇಲ್ಲ ಅಂತ ಹೇಳಲೂ ಹೋಗಿಲ್ಲ. ಮದುವೆಯಾದ ಹೊಸತರಲ್ಲಿ ಅತ್ತೆ ಹೇಳಿದ್ದರು: "ಅವ್ರ್ ಕುದ್ರೆ ಸುದ್ದಿಗ್ ಮಾತ್ರ ಓಗ್ಬ್ಯಾಡ ಕಣವ್ವ. ಮಿಕ್ಕಿದ್ದುಕ್ಕೆಲ್ಲಾ ಬೇಕಾರೆ ಬಯ್ಯಿ." ಅತ್ತೆ ಹೋಗಿ ಆರು ವರ್ಷ ಆಯಿತು. ಆ ಮಾತು ಮೀರಿಲ್ಲ.

ಸಂಜೆ

ಬೆಳ್ಳಿಯ ಮರಿಗೆ ಬೂಸಾ ಇಡಲು ಹೋದೆ. ಮೂತಿಯ ಮೇಲೆ ಬೂಸಾ ಅಂಟಿದೆ ಅಂದುಕೊಂಡು ಸೆರಗಿನಲ್ಲಿ ಒರೆಸಿದೆ. ಬರಲಿಲ್ಲ. ಬೂಸಾ ಅಲ್ಲ. ಎಳ್ಳಿನಷ್ಟು ಎಳ್ಳಿನಷ್ಟು ಗಂಟು, ತುಟಿಯ ಮೇಲೆ, ಮೂಗಿನ ಹೊಳ್ಳೆಯ ಪಕ್ಕ. ನೊಣವೋ ಸೊಳ್ಳೆಯೋ ಕಡಿದಿರಬೇಕು.

ಸೆಪ್ಟೆಂಬರ್ 4, ಗುರುವಾರ

ಸೊಳ್ಳೆ ಅಲ್ಲ. ಜಾಸ್ತಿ ಆಗಿವೆ. ಎಳ್ಳು ಈಗ ಜೋಳದ ಕಾಳು. ಮರಿ ಇನ್ನೂ ಕಪ್ಪು, ದೊಡ್ಡದಾಗುತ್ತಾ ತಾಯಿಯ ಹಾಗೆ ಬಿಳಿಯಾಗುತ್ತದಂತೆ. ಆ ಕಪ್ಪು ಮೂತಿಯ ಮೇಲೆ ಬೂದು ಗಂಟುಗಳು ಎದ್ದು ಕಾಣುತ್ತವೆ. ಮಾವನಿಗೆ ಹೇಳಿದೆ.

"ಮುಳ್ಳ್ ಚುಚ್ಕಂಡೈತೆ, ಬುಡು."

ಇಷ್ಟೊಂದು ಮುಳ್ಳೇ? ಬಚ್ಚಲಿಗೆ ಅಂತ ಹೋದ ಮಾವ ತುಂಬಾ ಹೊತ್ತು ಬರಲಿಲ್ಲ. ಆಮೇಲೆ ನೋಡಿದರೆ ಮರಿಯ ಹತ್ತಿರ, ಕನ್ನಡಕ ಹಾಕಿಕೊಂಡು ನಿಂತಿದ್ದರು.

ಸೆಪ್ಟೆಂಬರ್ 9, ಮಂಗಳವಾರ

ಮರಿಯನ್ನು ಹಿತ್ತಲ ಸೌದೆ ಕೊಟ್ಟಿಗೆಗೆ ಹೊಡೆದಿದ್ದಾರೆ. ಬಾಗಿಲಿಗೆ ಗೋಣಿತಾಟು. ಒಳಗೆ ಕತ್ತಲು, ಮೂತ್ರದ ವಾಸನೆ. ಬೆಳ್ಳಿ ಮುಂದೆ ನಿಂತು ಕೂಗುತ್ತಾಳೆ, ಇದು ಹಿಂದಿನಿಂದ ಕೂಗುತ್ತದೆ. ಪಕ್ಕದ ಮನೆಯವರು ಕೇಳಿದ್ದಕ್ಕೆ ಮಾವ, "ನೆಗ್ಡಿ ಆಗೈತೆ, ಗಾಳಿಗ್ ಬುಡಂಗಿಲ್ಲ" ಅಂದರು. ಕುದುರೆಗೆ ನೆಗಡಿ!

"ಮಾವ, ಅದು ನರಹುಲಿ ತಾನೆ?" ಅಂದೆ.

ಬಾಗಿಲ ಕಡೆ ನೋಡಿ, ದನಿ ಇಳಿಸಿ, "ಮೆಲ್ಗೆ ಮಾತಾಡವ್ವ. ಯಾರ್ಗೂ ಏಳ್ಬ್ಯಾಡ. ಸುನೀಲಂಗೂ ಬ್ಯಾಡ."

ಗಂಡನಿಗೆ ಹೇಳದೆ ಇರುತ್ತೇನೆಯೆ, ಇವರು ಊಟಕ್ಕೆ ಬಂದಾಗ ಹೇಳಿದೆ. ಲೈನ್‌ಮನ್ ಕೆಲಸದವರಿಗೆ ಕಂಬದ ಮೇಲಿನ ಸುದ್ದಿ ಬಿಟ್ಟು ಬೇರೆ ಯಾವುದೂ ತಲೆಗೆ ಹೋಗುವುದಿಲ್ಲ. ನಕ್ಕರು. "ಊರಿಗೆಲ್ಲ ಔಸ್ದಿ ಕೊಡೋ ಕುದ್ರೆ ಮನೇಲೇ? ಸರೋಯ್ತು ಬುಡು!" ಮಾವ ಕೇಳಿಸಿಕೊಂಡರು. ತಟ್ಟೆಯಲ್ಲಿ ಮುದ್ದೆ ಅರ್ಧ ಉಳಿಯಿತು.

ಆಗ ನನಗೆ ಅರ್ಥವಾಯಿತು. ಮಾವನಿಗೆ ಮರಿಯ ಚಿಂತೆ ಒಂದು ಪಾಲು. ಮಿಕ್ಕಿದ್ದೆಲ್ಲ ಭಾನುವಾರದ ಚಿಂತೆ. ಬೆಳ್ಳಿಯ ಹೊಟ್ಟೆಯಲ್ಲಿ ಹುಟ್ಟಿದ್ದರ ಮೂತಿಯ ತುಂಬ ನರಹುಲಿ ಅಂತ ಗೊತ್ತಾದರೆ, ಬೆಳ್ಳಿಯ ಕೂದಲನ್ನು ಯಾರು ಕೇಳುತ್ತಾರೆ? ಊರಿನಲ್ಲಿ ಮಾವನಿಗೆ ಇರುವ ಹೆಸರು ಅದೊಂದೇ. ಬೇರೆ ಏನಿದೆ, ಎರಡು ಎಕರೆ ರಾಗಿ ಹೊಲ.

ಸೆಪ್ಟೆಂಬರ್ 13, ಶನಿವಾರ

ಡೇರಿಯಲ್ಲಿ ಕಾಲುಬಾಯಿ ರೋಗದ ಲಸಿಕೆ. ದನದ ಡಾಕ್ಟರು ಹೊಸಬರು, ಮೇಘಶ್ರೀ ಅಂತ. ಚಿಕ್ಕ ವಯಸ್ಸು, ಗಟ್ಟಿ ಕೈ. ಚಂದ್ರಯ್ಯನ ಹಸು ಒದೆಯಲು ಬಂದರೆ ಅದನ್ನೇ ಗದರಿಸಿದರು. ಎಲ್ಲ ಮುಗಿದ ಮೇಲೆ ಕಿವಿಯಲ್ಲಿ ವಿಷಯ ಹೇಳಿದೆ. ಬನ್ನಿ ನೋಡೋಣ ಅಂತ ನನ್ನ ಸ್ಕೂಟಿಯಲ್ಲೇ ಬಂದರು.

ಗೋಣಿತಾಟು ಎತ್ತಿದ ಕೂಡಲೇ, "ಅಯ್ಯೋ, ಇದನ್ಯಾಕೆ ಜೈಲಿಗೆ ಹಾಕಿದೀರಿ?" ಅಂದರು. ಟಾರ್ಚ್ ಬಿಟ್ಟು ನೋಡಿದರು.

"ನರಹುಲೀನೇ. ಎಳೇ ಕುದುರೆಗಳಿಗೆ ಬರುತ್ತೆ, ಒಂದು ವೈರಸ್. ದೊಡ್ಡವಕ್ಕೆ ಅಪರೂಪ. ನಿಮಗೆ ಅಂಟಲ್ಲ, ಹೆದರಬೇಡಿ. ಬೇರೆ ಮರಿ ಇಲ್ವಲ್ಲ, ಒಳ್ಳೇದಾಯ್ತು. ಬಕೆಟ್ಟು, ಬ್ರಷ್ಷು ಬೇರೆ ಇಡಿ. ಹೊರಗೆ ಕಟ್ಟಿ, ಗಾಳಿ ಬೆಳಕು ಬೀಳಲಿ."

"ಔಸ್ದಿ?" ಮಾವ.

"ಬೇಡ ಯಜಮಾನ್ರೇ. ಎರಡು ಮೂರು ತಿಂಗಳಲ್ಲಿ ತಾವೇ ಉದುರುತ್ತವೆ."

"ಒಂದ್ ಇಂಜೆಕ್ಸನ್ನಾರ..."

"ಅದೂ ಬೇಡ. ಕೀಳೋದು, ಕೊಯ್ಯೋದು, ಸುಣ್ಣ ಹಚ್ಚೋದು ಯಾವುದೂ ಮಾಡಬೇಡಿ. ಸುಮ್ಮನೆ ಇರೋದೇ ಇದಕ್ಕೆ ಟ್ರೀಟ್‌ಮೆಂಟು. ಒಂದ್ಸಲ ಬಂದು ಹೋದ್ರೆ ಸಾಮಾನ್ಯವಾಗಿ ಮತ್ತೆ ಬರಲ್ಲ."

ಅವರನ್ನು ಬಿಟ್ಟು ಬಂದಾಗ ಮಾವ ಜಗಲಿಯಲ್ಲಿ ಗೊಣಗುತ್ತಿದ್ದರು. "ಅಷ್ಟ್ ವರ್ಸ ಓದ್ಬುಟ್ಟು ಬಂದು ಸುಮ್ಕಿರಿ ಅಂತಾಳಲ್ಲ. ಸುಮ್ಕಿರಕ್ಕೆ ಡಾಕ್ಟ್ರು ಯಾಕ್ ಬೇಕು? ನಮ್ ಸೋಮಾರಿ ಚಂದ್ರಯ್ಯ ಸಾಲ್ದಾ!"

ನಕ್ಕುಬಿಟ್ಟೆ. ಅವರೂ ನಕ್ಕರು. ಆದರೆ ಮರಿಯನ್ನು ಹೊರಗೆ ಕಟ್ಟಲಿಲ್ಲ. "ಆಯುಧ ಪೂಜೆ ಒಳ್ಗೆ ಇವು ಉದ್ರೋಗ್ಬೇಕು. ಅವತ್ತು ಬೀದಿಯೋರೆಲ್ಲ ಬತ್ತಾರೆ." ಆಯುಧ ಪೂಜೆಗೆ ಬೆಳ್ಳಿಗೆ ಸಿಂಗಾರ ಮಾಡಿ ಬಾಗಿಲಲ್ಲಿ ನಿಲ್ಲಿಸುವುದು ರೂಢಿ. ಊರಿನ ಟ್ರ್ಯಾಕ್ಟರು, ಬೈಕು ಎಲ್ಲ ಅವಳ ಮುಂದೆ ಹಾದೇ ಹೋಗಬೇಕು. ಈ ಸಲ ಮರಿಯೂ ಪಕ್ಕದಲ್ಲಿ ನಿಲ್ಲುತ್ತದೆ ಅಂತ ಹೋದ ವರ್ಷದಿಂದ ಸಾರಿಕೊಂಡು ಬಂದಿದ್ದಾರೆ.

ಸೆಪ್ಟೆಂಬರ್ 21, ಭಾನುವಾರ

ಐದಾರು ಜನ ಬಂದಿದ್ದರು. ಮಾವ ಎಂದಿನಂತೆ ಕೈ ನೋಡಿದರು, ಕೂದಲು ಕೊಟ್ಟರು. ಹಿಂದಿನಿಂದ ಮರಿ ಕೂಗಿದಾಗ ಮಾತು ಜೋರು ಮಾಡಿದರು.

ಎರಡು ದಿನದಿಂದ ಕೊಟ್ಟಿಗೆಗೆ ನನ್ನನ್ನು ಬಿಡುತ್ತಿಲ್ಲ. ಬೂಸಾ, ನೀರು ಎಲ್ಲ ನಾನೇ ನೋಡ್ಕೋತೀನಿ ಅಂತಾರೆ. ನೋಡಿಕೊಳ್ಳಲಿ. ನನಗೂ ಆಡಿಟ್ ಕೆಲಸ ಇದೆ.

ಸೆಪ್ಟೆಂಬರ್ 26, ಶುಕ್ರವಾರ

ಸಿಟ್ಟು ಇನ್ನೂ ಇಳಿದಿಲ್ಲ.

ಬೆಳಗ್ಗೆ ಮಾವ ಹೊಲಕ್ಕೆ ಹೋಗಿದ್ದಾಗ ಗೋಣಿತಾಟು ಎತ್ತಿದೆ. ಬೂಸಾ ಮುಟ್ಟಿಲ್ಲ. ನಿನ್ನೆಯದೂ ಹಾಗೇ ಇದೆ, ಹುಳಿ ವಾಸನೆ. ಮರಿ ಮೂಲೆಯಲ್ಲಿ, ತಲೆ ನೆಲಕ್ಕೆ. ತುಟಿ ಊದಿ ಒಂದು ಕಡೆಗೆ ಜೋತಿದೆ. ಕೀವು. ನೊಣ. ಹತ್ತಿರ ಹೋಗಿ ನೋಡಿದರೆ ಗಂಟು ಗಂಟಿಗೂ ಬಿಳಿ ಕೂದಲು. ಬೆಳ್ಳಿಯದು. ಸಣ್ಣ ಸಣ್ಣ ಗಂಟು, ಅಚ್ಚುಕಟ್ಟಾಗಿ, ಬಿಗಿಯಾಗಿ. ನರಹುಲಿಯ ಜೊತೆ ತುಟಿಯ ಚರ್ಮವೂ ಸೇರಿ ಕುಯ್ದುಕೊಂಡಿದೆ. ನವೆಗೋ ನೋವಿಗೋ ಗೋಡೆಗೆ ತಿಕ್ಕಿ ತಿಕ್ಕಿ ಇನ್ನಷ್ಟು ಕಿತ್ತುಕೊಂಡಿದೆ.

ಡಾಕ್ಟರಿಗೆ ಫೋನ್. ಶಾಂತಿಗ್ರಾಮದಲ್ಲಿದ್ದರು, ಬೇಗ ಬಂದರು. ಮಂಪರು ಬರಲು ಚುಚ್ಚಿ, ಸಣ್ಣ ಕತ್ತರಿಯಲ್ಲಿ ಒಂದೊಂದೇ ಕೂದಲು ಕತ್ತರಿಸಿ ತೆಗೆದರು. ಕೆಲವು ಮಾಂಸದ ಒಳಗೇ ಹೋಗಿದ್ದವು. ಅಷ್ಟರಲ್ಲಿ ಮಾವ ಬಂದರು. ಮರಿಯ ತಲೆ ತಬ್ಬಿ ಹಿಡಿದರು.

"ಯಾರು ಕಟ್ಟಿದ್ದು?" ಡಾಕ್ಟರು.

"ನಾನೇ ಕಣವ್ವ."

ಡಾಕ್ಟರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹುಳ ಬಿದ್ದಿಲ್ಲ, ಪುಣ್ಯ ಅಂದರು. ಜ್ವರ ಇದೆ. ನೀರು ಕುಡಿಯದೆ ಹೋದರೆ ಕಷ್ಟ, ಎರಡು ದಿನ ನೋಡಬೇಕು. ದಿನಾ ಇಂಜೆಕ್ಷನ್, ಗಾಯಕ್ಕೆ ಸ್ಪ್ರೇ.

ಅವರು ಹೋದ ಮೇಲೆ ನನ್ನ ನಾಲಿಗೆ ನನ್ನ ಮಾತು ಕೇಳಲಿಲ್ಲ. "ಸುಮ್ನಿರಿ ಅಂತ ಬಿಡಿಸಿ ಹೇಳಿದ್ರಲ್ಲ ಮಾವ! ಬೀದಿಯವರ ಬಾಯಿಗೆ ಹೆದರಿ ಮೂಕ ಪ್ರಾಣಿ ಬಾಯಿ ಕಟ್ಟಿದ್ರಲ್ಲ!"

"ಎಲ್ಲಾರ್ದೂ ಉದ್ರೈತೆ ಕಣವ್ವ. ಇದ್ರುದ್ಯಾಕೆ..."

"ಯಾರದ್ದೂ ನಿಮ್ಮ ಕೂದಲಿಂದ ಉದುರಿಲ್ಲ. ಇದು ತಾನೇ ಉದುರುತ್ತೆ ಅಂದ್ರಲ್ಲ, ಹಂಗೇ ಅವರದ್ದೂ. ನೀವು ಕೊಟ್ರೂ ಉದುರ್ತಿತ್ತು, ಕೊಡ್ದಿದ್ರೂ ಉದುರ್ತಿತ್ತು."

ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದು ಒಂದೇ ಉಸಿರಿಗೆ ಹೊರಗೆ. ಮಾವ ನನ್ನ ಮುಖ ನೋಡಿದರು. ಸಿಟ್ಟು ಮಾಡಿಕೊಳ್ಳಲಿಲ್ಲ. ಕೆಳಗೆ ಬಿದ್ದಿದ್ದ ಕೂದಲ ಚೂರುಗಳನ್ನು ಆರಿಸಿಕೊಂಡು ಹೊರಗೆ ಹೋದರು.

ಸೆಪ್ಟೆಂಬರ್ 27

ಜ್ವರ ಇಳಿದಿಲ್ಲ. ಮರಿ ನೀರಿಗೆ ಮೂತಿ ಇಟ್ಟು ತೆಗೆಯುತ್ತದೆ, ಉರಿಯುತ್ತದೆ ಪಾಪ. ಮಾವ ಅಕ್ಕಿ ಗಂಜಿ ತೆಳ್ಳಗೆ ಮಾಡಿಸಿಕೊಂಡು, ಬೆಲ್ಲ ಹಾಕಿ, ಕೈಯಲ್ಲಿ ಹಿಡಿದು ನೆಕ್ಕಿಸುತ್ತಿದ್ದಾರೆ. ಕೊಟ್ಟಿಗೆ ಬಿಟ್ಟು ಕದಲಿಲ್ಲ. ನನ್ನ ಹತ್ತಿರ ಮಾತಿಲ್ಲ. ಕೇಳಿದ್ದಕ್ಕೆ ಹೂಂ, ಊಹೂಂ.

ಸೆಪ್ಟೆಂಬರ್ 29, ಸೋಮವಾರ

ಬಕೆಟ್ ನೀರು ಪೂರ್ತಿ ಕುಡಿಯಿತು! ಡಾಕ್ಟರು ಬಂದು ನೋಡಿ, ಬದುಕಿದೆ ಬಿಡಿ ಅಂದರು. ತುಟಿಯಲ್ಲಿ ಕಲೆ ಉಳಿಯಬಹುದು.

ಡೇರಿಯಲ್ಲಿ ಸುದ್ದಿ ಹರಡಿದೆ. ಹರಡದೆ ಏನು, ಡಾಕ್ಟರ ಗಾಡಿ ಮೂರು ಸಲ ಬಂದಿದೆ. ಚಂದ್ರಯ್ಯ ಕ್ಯೂನಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ, "ದೀಪದ ಬುಡ್ದಲ್ಲೇ ಕತ್ಲು ಕಣ್ರಪ್ಪ. ಹೊನ್ನಣ್ಣನ್ ಕುದ್ರೆಗೇ ನರೂಲಿ ಆದ್ರೆ ಅದುಕ್ಯಾವ್ ಬಾಲ ತರದು? ಕತ್ತೇದಾ?" ಎಲ್ಲ ನಕ್ಕರು. ಅವನ ಹಾಲಿಗೆ ಇವತ್ತು ಫ್ಯಾಟ್ ಬಂದಿತ್ತು. ಬಂದದ್ದನ್ನು ಬರೆದೆ, ಬೇರೆ ದಾರಿ ಇಲ್ಲ.

ಅಕ್ಟೋಬರ್ 1, ಬುಧವಾರ. ಆಯುಧ ಪೂಜೆ

ಮಾವ ಬೆಳಗ್ಗೆಯೇ ಸ್ನಾನ ಮಾಡಿ ಬೆಳ್ಳಿಗೆ ಸಿಂಗಾರ ಮಾಡಿದರು. ಆಮೇಲೆ ಹಿತ್ತಲಿಗೆ ಹೋದರು. ಗೋಣಿತಾಟು ಕಿತ್ತು ಎಸೆದರು. ಮರಿಯನ್ನು ಹಿಡಿದು, ಮನೆ ಪಕ್ಕದಿಂದ ಬೀದಿಗೇ ತಂದು, ತಾಯಿಯ ಪಕ್ಕದಲ್ಲಿ ಕಟ್ಟಿದರು. ಊದಿದ ತುಟಿ, ನೇರಳೆ ಬಣ್ಣದ ಸ್ಪ್ರೇ, ಮೂತಿ ತುಂಬ ನರಹುಲಿ. ಹಣೆಗೆ ಕುಂಕುಮ ಇಟ್ಟರು. ಚೆಂಡುಹೂವಿನ ಹಾರ ಹಾಕಿದರು.

"ಯಾಕೆ ಮಾವ, ಇನ್ನೂ ವಾಸಿಯಾಗಿಲ್ಲ" ಅಂದೆ.

"ಇನ್ನೇನ್ ಮುಚ್ಚಿಡದು ಐತವ್ವ. ಬಿಸ್ಲಾರ ಬೀಳ್ಲಿ."

ಜನ ಬಂದರು, ನೋಡಿದರು. ಕೆಲವರು ಹತ್ತಿರ ಬರಲಿಲ್ಲ, ಮಕ್ಕಳನ್ನು ಎಳೆದುಕೊಂಡರು. ಚಂದ್ರಯ್ಯ ಬಾಯಿ ತೆರೆದವನು ಮಾವನ ಮುಖ ನೋಡಿ ಸುಮ್ಮನೆ ಕೈ ಮುಗಿದು ಬೈಕ್ ತಳ್ಳಿಕೊಂಡು ಹೋದ. ಇವರು ಟೆಸ್ಟರು, ಇಕ್ಕಳ ಎಲ್ಲ ತಂದು ಬೆಳ್ಳಿಯ ಮುಂದೆ ಇಟ್ಟರು. ಮಾವ ಎಲ್ಲರಿಗೂ ಕಡಲೆಪುರಿ ಕೊಟ್ಟರು. ಮುಖದಲ್ಲಿ ಏನೂ ಇರಲಿಲ್ಲ.

ಅಕ್ಟೋಬರ್ 12, ಭಾನುವಾರ

ಯಾರೂ ಬರಲಿಲ್ಲ. ಹೋದ ವಾರವೂ. ಹಾಸನಾಂಬ ಬಾಗಿಲು ತೆಗೆದಿದೆ, ಬಸ್ಸುಗಳೆಲ್ಲ ರಶ್, ಅದಕ್ಕೇ ಜನ ಬಂದಿಲ್ಲ ಅಂದೆ. ನನಗೇ ಕೇಳಲು ಚೆನ್ನಾಗಿರಲಿಲ್ಲ.

ಮಾವ ಜಗಲಿಯಲ್ಲಿ ಕೂತಿದ್ದರು, ಕನ್ನಡಕದ ಡಬ್ಬಿ ಪಕ್ಕದಲ್ಲಿ. ಹನ್ನೊಂದಕ್ಕೆ ಒಳಗೆ ಹೋಗಿ ಮಲಗಿದರು. ಹಗಲು ಮಲಗುವವರಲ್ಲ.

ಭಾನುವಾರ ಕಾಫಿ ಮಾಡುವ ಕೆಲಸ ಇಲ್ಲ. ಎಷ್ಟು ಸಲ ಬೇಡಿಕೊಂಡಿದ್ದೆ ಇದನ್ನು.

ಅಕ್ಟೋಬರ್ 20, ಸೋಮವಾರ

ದೀಪಾವಳಿ. ಮರಿ ಚೆನ್ನಾಗಿ ತಿನ್ನುತ್ತಿದೆ. ಪಟಾಕಿ ಶಬ್ದಕ್ಕೆ ಗೂಟ ಕಿತ್ತುಕೊಂಡು ಬೀದಿ ಸುತ್ತಿತು. ಹಿಡಿಯಲು ಹೋದ ಇವರು ಹೊಸ ಪ್ಯಾಂಟಿನಲ್ಲೇ ಚರಂಡಿಗೆ. ಮಾವ ನಗುತ್ತಾರೇನೋ ಅಂತ ನೋಡಿದೆ. ಮರಿಯನ್ನು ತಂದು ಕಟ್ಟಿ ಕಾಲು ತೊಳೆದುಕೊಂಡರು, ಅಷ್ಟೇ.

ನಾನು ಅಂದದ್ದು ಸುಳ್ಳಲ್ಲ. ಮೇಘಶ್ರೀ ಡಾಕ್ಟರಿಗೆ ಫೋನ್ ಮಾಡಿ ಕೇಳಿಯೂ ಆಯಿತು. ಮನುಷ್ಯರ ವಿಷಯ ನಾನು ಹೇಳಬಾರದು, ಆದರೆ ಬಹಳಷ್ಟು ತಾವೇ ಹೋಗುತ್ತವೆ ಅಂತ ಓದಿದ್ದೇನೆ ಅಂದರು. ಸರಿ. ನಾನು ಹೇಳಿದ್ದು ಸರಿಯೇ. ಸರಿಯಾದದ್ದನ್ನು ಹೇಳಿ ಇಷ್ಟು ಸಂಕಟ ಯಾಕೆ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅತ್ತೆ ಇದ್ದಿದ್ದರೆ ನನಗೆ ಚೆನ್ನಾಗಿ ಬೈಯುತ್ತಿದ್ದರು.

ನವೆಂಬರ್ 8, ಶನಿವಾರ

ಉದುರುತ್ತಿವೆ! ಮೊದಲು ಒಣಗಿ ಸುಕ್ಕಾದವು, ಈಗ ಬೂಸಾ ತಿನ್ನುವಾಗ ಬಕೆಟ್ಟಿನಲ್ಲೇ ಒಂದೆರಡು. ಮೂಗಿನ ಪಕ್ಕ ಪೂರ್ತಿ ಸಾಫ್. ಕೂದಲು ಕಟ್ಟಿದ್ದ ಜಾಗದಲ್ಲಿ ಮಾತ್ರ ಬಿಳಿ ಕಲೆ.

ಮಾವನನ್ನು ಕೂಗಿ ತೋರಿಸಿದೆ. ಬೆರಳಿನಲ್ಲಿ ಸವರಿ ನೋಡಿದರು.

"ಏನೂ ಮಾಡ್ದಲೇ ಓದ್ವಲ್ಲ."

"ಹೂಂ ಮಾವ. ಡಾಕ್ಟ್ರು ಹೇಳಿದ ಹಂಗೇ."

ಕಲೆಯ ಮೇಲೆ ಬೆರಳು ಇಟ್ಟುಕೊಂಡೇ, "ಅಂಗಾರೆ ಕೆಂಪಣ್ಣನ್ ಮಗಳ್ದೂ ಅಂಗೇ ಓಗಿದ್ದು?"

ನನಗೆ ಆ ಕೆಂಪಣ್ಣ ಯಾರು ಅಂತಲೂ ಗೊತ್ತಿಲ್ಲ.

"ಮದ್ವೆ ನಿಂತೋಗಿತ್ತು ಕಣವ್ವ ಆ ಹೆಣ್ದು. ಕುತ್ಗೆ ತುಂಬಾ ಇತ್ತು. ನಾನ್ ಕೊಟ್ಟೆ, ಓಯ್ತು. ಮದ್ವೇಲಿ ನನ್ನ ಮುಂದ್ಲ ಸಾಲಲ್ಲಿ ಕೂರ್ಸಿದ್ರು." ಮರಿಯ ಕತ್ತು ತಟ್ಟುತ್ತಾ, "ನಲ್ವತ್ತು ವರ್ಸ ಅಂಗಾರೆ ನಾನೇನ್ ಮಾಡ್ದೆ, ಬಾಗ್ಯ?"

ಜಗಳದ ದನಿಯಲ್ಲ. ನಿಜವಾಗಿಯೂ ಕೇಳಿದ್ದು. ಗೊತ್ತಿದ್ದರೆ ಹೇಳು ಅನ್ನುವ ಹಾಗೆ.

ಒಲೆ ಮೇಲೆ ಹಾಲಿದೆ ಅಂತ ಒಳಗೆ ಬಂದೆ. ಒಲೆ ಮೇಲೆ ಏನೂ ಇರಲಿಲ್ಲ. ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಬರೆದಿದ್ದೇನೆ, ಇರಲಿ.

ನವೆಂಬರ್ 19, ಬುಧವಾರ

ಚನ್ನರಾಯಪಟ್ಟಣಕ್ಕೆ ಮೀಟಿಂಗ್. ಬಸ್‌ಸ್ಟ್ಯಾಂಡಿನಲ್ಲಿ ಅರಕಲಗೂಡಿನ ಆ ಗಂಡ ಹೆಂಡತಿ ಸಿಕ್ಕಿದರು, ಆಗಸ್ಟಿನಲ್ಲಿ ಬಂದಿದ್ದವರು. ಅವಳು ಕೈ ಚಾಚಿ ತೋರಿಸಿದಳು. ಒಂದೂ ಇಲ್ಲ. "ನಿಮ್ ಮಾವ್ನೋರ್ಗೆ ಏಳಿ. ಹುರುಳಿ ತರ್ಬೇಕು, ಬಿಡುವಾಗ್ನಿಲ್ಲ."

ಮನೆಗೆ ಬಂದು ಹೇಳಿದೆ. ಸಂತೋಷ ಆಗಲಿ ಅಂತ.

"ಹುರುಳಿ ಬ್ಯಾಡ ಅನ್ಬೇಕಿತ್ತು ಕಣವ್ವ" ಅಂದರು ಮಾವ. ಕನ್ನಡಕದ ಡಬ್ಬಿ ಈಗ ಜಗಲಿಯಲ್ಲಿಲ್ಲ, ಟಿವಿ ಮೇಲಿದೆ. ಧೂಳು ಕೂತಿತ್ತು, ಒರೆಸಿದೆ.

ನವೆಂಬರ್ 30, ಭಾನುವಾರ. ಮಧ್ಯಾಹ್ನ

ಡೇರಿಯಿಂದ ಬಂದಾಗ ಜಗಲಿಯಲ್ಲಿ ಒಬ್ಬ ಹೆಂಗಸು, ಜೊತೆಗೆ ಹುಡುಗಿ. ಹಿರೀಸಾವೆ ಕಡೆಯವರು. ಇಲ್ಲಿ ನಡೆದದ್ದು ಅಷ್ಟು ದೂರ ಹೋಗಿಲ್ಲ ಅಂತ ಕಾಣುತ್ತದೆ. ಹುಡುಗಿ ಶೋಭಿತಾ, ನಾಲ್ಕನೇ ಕ್ಲಾಸ್. ಬಲಗೈ ಸ್ವೆಟರ್ ಜೇಬಿನಿಂದ ಹೊರಗೆ ಬರುತ್ತಿಲ್ಲ. ಬಿಸ್ಕೆಟ್ ಕೊಟ್ಟರೂ ಎಡಗೈಯಲ್ಲೇ ಈಸಿಕೊಂಡಳು. ತಾಯಿ, "ಬಲಗೈಲಿ ಈಸ್ಕೊಳೆ" ಅಂದು, ತಾನೇ ಸುಮ್ಮನಾದಳು.

ಮಾವ ನಿಂತೇ ಮಾತಾಡಿದರು. "ಕೂದ್ಲು ಕೊಡದು ಬುಟ್ಟಿವ್ನಿ ಕಣವ್ವ. ಅದ್ರಿಂದ ಏನೂ ಆಗಲ್ಲ. ತಾನಾಗೇ ಓಯ್ತದೆ, ಓಗು."

"ಸುಡ್ಸಿದ್ವಿ ಅಣ್ಣಯ್ಯ, ಮತ್ತೆ ಬಂದ್ವು. ಈಗ ಆಸ್ಪತ್ರೆ ಅಂದ್ರೆ ಮಂಚದ್ ಕೆಳ್ಗೆ ಓಗಿ ಸೇರ್ಕತಾಳೆ. ಸ್ಕೂಲಲ್ಲಿ ಕೈ ಹಿಡ್ಕಂಡು ಆಡೋ ಆಟುಕ್ಕೆ ಇವ್ಳ್ನ ಯಾರೂ ಸೇರ್ಸ್ಕೊಳಲ್ಲ. ತಾನಾಗೇ ಓಯ್ತದೆ ಅಂತೀರಲ್ಲ, ಯಾವಾಗ?"

"ಗೊತ್ತಿಲ್ಲ."

"ಅಲ್ಲೀಗಂಟ ನಾನೇನ್ ಮಾಡ್ಲಿ?"

ಮಾವ ತಿರುಗಿ ನನ್ನನ್ನು ನೋಡಿದರು. ಎಪ್ಪತ್ತೆರಡು ವರ್ಷದ ಮನುಷ್ಯ, ತಮ್ಮ ಕುದುರೆಯ ವಿಷಯದಲ್ಲಿ ಅತ್ತೆಯನ್ನೂ ಒಂದು ಮಾತು ಕೇಳಿದವರಲ್ಲ.

"ಏನಂತೀಯವ್ವ ಬಾಗ್ಯ. ಕೊಡ್ಲಾ?"

ನಾನು ಕೊಡಿ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ನೇರ ಬೆಳ್ಳಿಯ ಹತ್ತಿರ ಹೋದೆ. ಇಷ್ಟು ವರ್ಷ ಮೇವು ಹಾಕಿದ್ದೇನೆ, ಲದ್ದಿ ಎತ್ತಿದ್ದೇನೆ, ಬಾಲ ಮುಟ್ಟಿರಲಿಲ್ಲ. "ಇಂದ್ಗಡೆ ನಿಂತ್ಕಬ್ಯಾಡ, ಪಕ್ಕುಕ್ ಬಾ!" ಅಂತ ಮಾವ ಕೂಗಿದರು. ತಿಂಗಳುಗಳಾಗಿದ್ದವು ಆ ಗಂಟಲು ಕೇಳಿ. ಒಂದು ಕೂದಲು ಕಿತ್ತೆ. ಬೆಳ್ಳಿ ಕಿವಿ ಅಲ್ಲಾಡಿಸಿದಳು, ಅಷ್ಟೇ.

ಮಾವನ ಕೈಗೆ ಕೊಡಲು ಹೋದರೆ, "ನೀನೇ ಕಟ್ಟು. ನಂಗ್ ಕೈ ನಡುಗ್ತದೆ."

ನಡುಗುವುದಿಲ್ಲ. ನಿನ್ನೆ ಸೂಜಿಗೆ ದಾರ ಪೋಣಿಸಿ ಗೋಣಿಚೀಲ ಹೊಲಿದಿದ್ದಾರೆ.

ಹುಡುಗಿ ತಾಯಿಯ ಮುಖ ನೋಡಿ, ನನ್ನ ಮುಖ ನೋಡಿ, ಜೇಬಿನಿಂದ ಕೈ ತೆಗೆದಳು. ಬೆರಳುಗಳ ಮೇಲೆಲ್ಲ ಗಂಟು, ಉಗುರಿನ ಸುತ್ತ ಸುಟ್ಟ ಕಲೆ. ಹಿಡಿದುಕೊಂಡೆ. ಬೆಚ್ಚಗಿತ್ತು, ಬೆವರಿತ್ತು. ಮಾವ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹೇಳಿಕೊಟ್ಟರು.

"ಬಿಗೀಬ್ಯಾಡ. ಚರ್ಮ ಕುಯ್ಬಾರ್ದು. ಸುಮ್ನೆ ಒಂದ್ ಸುತ್ತು ಸುತ್ತು, ಸಡ್ಲುಕ್ಕೆ. ಕೈ ನೋಡ್ಕಂಡಾಗ ಐತೆ ಅಂತ ಗೊತ್ತಾದ್ರೆ ಸಾಕು. ಅದು ಓಗೋಗಂಟ ಜೊತೇಲಿರ್ಲಿ."

ದೊಡ್ಡದಾದ ಒಂದಕ್ಕೆ ಕಟ್ಟಿದೆ. ಗಂಟು ಎರಡು ಸಲ ಜಾರಿತು. ಮಾವ ಆ ತಾಯಿಗೆ ಯಾವ ಊರು, ಯಾರ ಪೈಕಿ ಅಂತ ಕೇಳಲು ಶುರು ಮಾಡಿದ್ದರು. ಜಾಸ್ತಿಯಾದರೆ ಡಾಕ್ಟರಿಗೆ ತೋರಿಸಲೇಬೇಕು ಅಂತ ನಾನು ಸೇರಿಸಿದೆ.

ಹುಡುಗಿ ಬೆರಳನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ನನ್ನನ್ನು ಕೇಳಿದಳು, ಮೆಲ್ಲಗೆ.

"ಆಂಟಿ, ಇದ್ರಿಂದ ಓಯ್ತದಾ?"

ಮಾವ ನೆಲ ನೋಡುತ್ತಾ ಕೂತರು, ನನ್ನ ಉತ್ತರಕ್ಕೆ.

ಹೂಂ ಪುಟ್ಟಿ, ಹೋಗುತ್ತೆ ಅಂದೆ.

ಸುಳ್ಳೇನಲ್ಲ. ಹೋಗುವುದಂತೂ ಹೋಗುತ್ತದೆ. ಆದರೆ ಅವಳು ಕೇಳಿದ್ದು, ಇದರಿಂದ ಹೋಗುತ್ತದಾ ಅಂತ.